ಹಸಿರು ಟಿಕ್ಕೂ ಡೀಸಾಳ ಕಾಲಮ್ಮೂ

ಡೀಸಾ ಸೊಡರ್‌ಲುಂಡ್ ಜಗಳಗಂಟಿ ಎಂದು ನಮ್ಮ ಪುರಸಭೆಯಲ್ಲಿ ಹೆಸರಾದವಳು. ಹೆಸರಿಟ್ಟವರು ಒಮ್ಮೆಯಾದರೂ ನಿಜವಾದ ಜಗಳ ನೋಡಿದ್ದಾರೆಯೇ ಎಂಬ ಅನುಮಾನ ನನಗಿದೆ. ಸಭೆಯಲ್ಲಿ ಎಲ್ಲರೂ ಕಾಫಿ ಲೋಟದೊಳಗೆ ಮುಖ ಹುದುಗಿಸಿ ಕೂತಿರುವಾಗ ಒಬ್ಬಳು ಬಾಯಿ ಬಿಟ್ಟರೆ ಸಾಕು, ಫಿನ್‌ಲೆಂಡಿನಲ್ಲಿ ಅದೇ ಜಗಳ. ನಾನು ಆಯ್ಲಾ. ಪುರಸಭೆಯ ಬಾಗಿಲ ಬಳಿ ವಿಚಾರಣೆಯ ಮೇಜಿನಲ್ಲಿ ಕೂರುವವಳು, ಜೊತೆಗೆ ನೌಕರರ ಸಂಘದ ಪ್ರತಿನಿಧಿ. ಊರಿನವರ ಬೈಗುಳ ಮೊದಲು ಬೀಳುವುದು ನನ್ನ ಕಿವಿಗೆ. ಡೀಸಾಳಿಗೆ ಆದ ಅನ್ಯಾಯವನ್ನು ಬೇರೆ ಯಾರೂ ಹೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ.

ಅವಳು ಹುಟ್ಟಿದ್ದು ಹೊರಗಿನ ದ್ವೀಪವೊಂದರಲ್ಲಿ. ಅಪ್ಪ ಕಡವಿನ ದೋಣಿ ನಡೆಸುತ್ತಿದ್ದ. ದ್ವೀಪದವರೆಲ್ಲ ಸ್ವೀಡಿಶ್ ಮಾತಿನವರು, ದಡದ ಪೇಟೆಯಲ್ಲಿ ನಾವು ಫಿನ್ನಿಶ್ ಮಾತಿನವರೇ ಹೆಚ್ಚು. ಪುರಸಭೆ ಎರಡು ಭಾಷೆಯದು ಎಂದು ಕಾನೂನು ಹೇಳುತ್ತದೆ, ರಸ್ತೆಯ ಫಲಕಗಳೂ ಹೇಳುತ್ತವೆ. ಡೀಸಾ ಪೇಟೆಯ ಸ್ವೀಡಿಶ್ ಪತ್ರಿಕೆಯಲ್ಲಿ ಪುಟ ಕಟ್ಟುತ್ತಿದ್ದಳು. ಪತ್ರಿಕೆ ಬಾಗಿಲು ಹಾಕಿದ ಮೇಲೆ ನಮ್ಮಲ್ಲಿಗೆ ಬಂದಳು, ಪುರಸಭೆಯ ಜಾಲತಾಣದ ಸ್ವೀಡಿಶ್ ಪುಟಗಳನ್ನು ನೋಡಿಕೊಳ್ಳಲು. ಮದುವೆಯಾದದ್ದು ಫಿನ್ನಿಶ್ ಮಾತಿನ ಒಬ್ಬ ಬಸ್ ಚಾಲಕನನ್ನು. ಮನೆಯಲ್ಲಿ ಬೈದಾಟ ಎರಡು ಭಾಷೆಯಲ್ಲಿ, ರಾಜಿ ಮಾತ್ರ ಮೀನಿನ ಸೂಪಿನಲ್ಲಿ ಎಂದು ಅವಳೇ ಹೇಳುತ್ತಿದ್ದಳು.

ಸ್ವೀಡಿಶ್ ಮಾತಿನವರನ್ನು ಹಂಗಿಸಲು ನಮ್ಮವರಲ್ಲಿ 'ಹುರ್ರಿ' ಎಂಬ ಮಾತಿದೆ. ಯಾರಾದರೂ ಆ ಮಾತನ್ನು ಬೆನ್ನ ಹಿಂದೆ ಆಡುವ ಮೊದಲೇ ಅವಳು ಕಾಫಿ ಕೋಣೆಯ ಬಾಗಿಲು ತಳ್ಳಿ, "ಹುರ್ರಿ ಬಂದ್ಲು, ಜಾಗ ಬಿಡ್ರೋ. ಆ ಬನ್ನು ಮುಗಿಸಿಬಿಟ್ರಾ, ಹೊಟ್ಟೆಬಾಕರಾ?" ಎನ್ನುತ್ತಿದ್ದಳು. ಹಂಗಿಸುವವರಿಗೆ ಆಮೇಲೆ ಬಾಯೇ ಇರುತ್ತಿರಲಿಲ್ಲ.

ಈಗ ಇದಕ್ಕೆಲ್ಲ ಮೂಲವಾದ ಕಾಲಮ್ಮಿನ ವಿಷಯ, ಅಂದರೆ ಅವಳ ಪರದೆಯ ಮೇಲಿನ ಒಂದು ಪಟ್ಟಿಯದು. ಜಾಲತಾಣ ನಡೆಸುವ ತಂತ್ರಾಂಶದಲ್ಲಿ ನಮ್ಮ ಪುಟಗಳೆಲ್ಲ ಒಂದರ ಕೆಳಗೊಂದು ಸಾಲಾಗಿ ಕಾಣುತ್ತವೆ. ಸಾಲಿನ ಪಕ್ಕ ಪುಟ್ಟ ಪುಟ್ಟ ಗುರುತುಗಳು. ಪೆನ್ಸಿಲ್ ಇದ್ದರೆ ಯಾರೋ ಇನ್ನೂ ಬರೆಯುತ್ತಿದ್ದಾರೆ. ಗಡಿಯಾರ ಇದ್ದರೆ ಇಂಥ ಹೊತ್ತಿಗೆ ತಾನೇ ಪ್ರಕಟವಾಗುತ್ತದೆ. ಸ್ವೀಡಿಶ್ ಎಂಬ ಕಡೆ ಹಸಿರು ಟಿಕ್ ಇದ್ದರೆ, ಈ ಪುಟಕ್ಕೆ ಒಂದು ಸ್ವೀಡಿಶ್ ಪುಟವೂ ಇದೆ, ಜನರಿಗೆ ಕಾಣುತ್ತಿದೆ ಎಂದರ್ಥ. ಟಿಕ್ ಹೇಳುವುದು ಅಷ್ಟೇ. ಎರಡೂ ಪುಟ ಒಂದೇ ಮಾತು ಹೇಳುತ್ತಿವೆಯೇ ಎಂದು ಟಿಕ್‌ಗೆ ಗೊತ್ತಿಲ್ಲ. ಫಿನ್ನಿಶ್ ಪುಟವನ್ನು ಈ ಬೆಳಿಗ್ಗೆ ತಿದ್ದಿ, ಸ್ವೀಡಿಶ್ ಪುಟ ಹೋದ ವರ್ಷದ್ದೇ ಆಗಿದ್ದರೂ ಟಿಕ್ ಹಸಿರಾಗಿಯೇ ನಗುತ್ತಿರುತ್ತದೆ.

ಡೀಸಾ ಬಂದ ಹೊಸದರಲ್ಲೇ ಇದನ್ನು ನೋಡಿ ರೇಗಿದ್ದಳು. ತಂತ್ರಾಂಶದಲ್ಲಿ ನಮಗೆ ಬೇಕಾದ ಕಾಲಂ ಸೇರಿಸಿಕೊಳ್ಳಬಹುದು, ಬೇಡದ್ದನ್ನು ತೆಗೆಯಬಹುದು. ಅವಳು ಒಂದು ಕಾಲಂ ಸೇರಿಸಿದಳು. ಎರಡು ಭಾಷೆಯ ಪುಟಗಳನ್ನು ಕೊನೆಯ ಸಲ ತಿದ್ದಿದ ದಿನಾಂಕಗಳು ಅದರಲ್ಲಿ ಅಕ್ಕಪಕ್ಕ ಕಾಣುತ್ತಿದ್ದವು, ಸ್ವೀಡಿಶ್‌ನದು ಹಳೆಯದಾದರೆ ಸಾಲು ಕೆಂಪಾಗುತ್ತಿತ್ತು. 'ಹಿಂದೆ ಬಿದ್ದವು' ಎಂದು ಅದಕ್ಕೆ ಹೆಸರಿಟ್ಟಳು. ಬೆಳಿಗ್ಗೆ ಬಂದು ಕೋಟು ಬಿಚ್ಚುವ ಮೊದಲು ಆ ಕಾಲಂ ನೋಡುತ್ತಿದ್ದಳು, ಕೆಂಪಗಿರುವುದನ್ನೆಲ್ಲ ಮಧ್ಯಾಹ್ನದೊಳಗೆ ಸರಿಮಾಡುತ್ತಿದ್ದಳು. ವರ್ಷಗಟ್ಟಲೆ ದ್ವೀಪದಿಂದ ಒಂದು ದೂರೂ ನನ್ನ ಮೇಜಿಗೆ ಬರಲಿಲ್ಲ. ದೂರು ಬರದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಆಮೇಲೆ ಯಾರ್ನೊ ಪೆಲ್ಟೊಲಾ ಬಂದ, ಪ್ರಚಾರ ವಿಭಾಗದ ಮುಖ್ಯಸ್ಥನಾಗಿ. ಒಳ್ಳೆಯ ಅಂಗಿ, ಒಳ್ಳೆಯ ಹಲ್ಲು. ಬಂದವನೇ ಎಲ್ಲರ ಪರದೆಯನ್ನೂ ಹಸನು ಮಾಡಲು ಹೊರಟ. ಎಲ್ಲರಿಗೂ ಒಂದೇ ನೋಟ, ಎಲ್ಲರಿಗೂ ಅವೇ ನಾಲ್ಕು ಕಾಲಂ, ಯಾರೂ ತಮ್ಮಿಷ್ಟದಂತೆ ಸೇರಿಸುವ ಹಾಗಿಲ್ಲ. ಒಂದು ಬೆಳಿಗ್ಗೆ ಡೀಸಾ ಬಂದು ನೋಡಿದರೆ ಅವಳ ಕಾಲಂ ಇಲ್ಲ. ಕೋಟು ಹಾಕಿಕೊಂಡೇ ಅವನ ಕೋಣೆಗೆ ನುಗ್ಗಿದಳು. ಬಾಗಿಲು ತೆರೆದೇ ಇತ್ತು, ಕೇಳಿಸಿಕೊಳ್ಳಲು ನಾನು ಕಷ್ಟಪಡಬೇಕಾಗಲಿಲ್ಲ.

"ನನ್ನ ಕಾಲಂ ಎಲ್ಲಿ?"

"ಪರದೆ ಗಿಜಿಗಿಜಿ ಅಂತಿತ್ತು ಡೀಸಾ. ಈಗ ನೋಡು, ಎಷ್ಟು ನೀಟಾಗಿದೆ."

"ನೀಟು ಯಾರಿಗೆ ಬೇಕಿತ್ತು? ಯಾವ ಪುಟ ಹಳೇದಾಗಿದೆ ಅಂತ ಈಗ ನಂಗೆ ಹೇಗೆ ಗೊತ್ತಾಗ್ಬೇಕು?"

"ಟಿಕ್ ಇದೆಯಲ್ಲ."

"ಟಿಕ್ ಅಂದ್ರೆ ಪುಟ ಇದೆ ಅಂತ. ಸರಿಯಾಗಿದೆ ಅಂತ ಅಲ್ಲ."

"ಹಸಿರು ಅಂದ್ರೆ ಸರಿ ಅಂತಾನೇ ಅಲ್ವಾ? ಎಲ್ಲಾ ಕಡೆನೂ ಹಾಗೇ," ಎಂದು ಅವನು ನಕ್ಕ. "ಒಂದು ಕಾಲಮ್ಮಿಗೆ ಇಷ್ಟು ರಂಪ ಮಾಡ್ತಾರಾ?"

ಜಗಳಗಂಟಿ ಎಂಬ ಹೆಸರು ಆವತ್ತು ಗಟ್ಟಿಯಾಯಿತು. ಅವಳು ಮೂರು ಸಲ ಬರೆದು ಕೇಳಿದಳು. ನೋಡೋಣ ಎಂಬ ಉತ್ತರವೂ ಬರಲಿಲ್ಲ. ಅಲ್ಲಿಂದ ಮುಂದೆ ಅವಳು ಎರಡೂ ಭಾಷೆಯ ಪುಟಗಳನ್ನು ಒಂದೊಂದಾಗಿ ತೆರೆದು, ಕಣ್ಣಲ್ಲೇ ಹೋಲಿಸಿ ನೋಡತೊಡಗಿದಳು. ಒಬ್ಬಳಿಂದ ಎಷ್ಟಾದೀತು? ಒಂದು ಕಡೆಯಿಂದ ತಿದ್ದುತ್ತ ಬಂದರೆ ಇನ್ನೊಂದು ಕಡೆ ಹಳೆಯದಾಗುತ್ತಿತ್ತು.

ವಪ್ಪು ಹಬ್ಬ ಬಂತು. ಮೇ ಮೊದಲ ದಿನ, ಊರಿಗೆ ಊರೇ ಬಿಳಿ ಟೋಪಿ ಹಾಕಿಕೊಂಡು ಬೀದಿಯಲ್ಲಿರುತ್ತದೆ, ಪುರಸಭೆಗೆ ಬೀಗ. ಡೀಸಾ ರಜೆ ಹಾಕಿ ಗಂಡನ ತಂಗಿಯ ಮನೆಗೆ ಉತ್ತರಕ್ಕೆ ಹೋಗಿದ್ದಳು. ಆ ವಾರ ಹಿಮ ಒಮ್ಮೆಲೇ ಕರಗಿ ಹೊಲಗಳ ಕೊಳೆ ನೀರು ಪುರಸಭೆಯ ಬಾವಿಗೆ ಇಳಿದಿತ್ತು. ಅದೇ ಬಾವಿಯ ನೀರು ಸಮುದ್ರದಡಿಯ ಕೊಳವೆಯಲ್ಲಿ ದ್ವೀಪಗಳಿಗೂ ಹೋಗುತ್ತದೆ. ನೀರನ್ನು ಕುದಿಸದೆ ಕುಡಿಯಬೇಡಿ ಎಂದು ಜನರಿಗೆ ಹೇಳಬೇಕಿತ್ತು. ಹಬ್ಬದ ಪಾಳಿ ಯಾರ್ನೊನದು. ಫಿನ್ನಿಶ್ ಪುಟವನ್ನು ಅವನು ಚುರುಕಾಗಿಯೇ ತಿದ್ದಿದ, ಅದನ್ನು ಒಪ್ಪುತ್ತೇನೆ. ಆಮೇಲೆ ಸ್ವೀಡಿಶ್ ಕಡೆ ಕಣ್ಣು ಹಾಯಿಸಿದ. ಹಸಿರು ಟಿಕ್. ಸರಿಯಿದೆ ಎಂದುಕೊಂಡು ಹಬ್ಬಕ್ಕೆ ಹೋದ. ತುರ್ತಿಗೆ ಕರೆಯಲು ಒಬ್ಬ ಅನುವಾದಕರ ನಂಬರು ಗೋಡೆಯ ಮೇಲೇ ಇತ್ತು. ಟಿಕ್ ಇರುವಾಗ ಯಾರು ಕರೆಯುತ್ತಾರೆ? ಸ್ವೀಡಿಶ್ ಪುಟದಲ್ಲಿ ಹಳೆಯ ಸಾಲು ಹಾಗೇ ಇತ್ತು: ನಮ್ಮ ನೀರು ಶುದ್ಧವಾಗಿದೆ, ನಿಶ್ಚಿಂತೆಯಿಂದ ಕುಡಿಯಿರಿ.

ಹಬ್ಬವೂ ಅದಕ್ಕಂಟಿದ ವಾರಾಂತ್ಯವೂ ಮುಗಿದ ಬೆಳಿಗ್ಗೆ ನನ್ನ ಮೇಜಿನ ಫೋನು ಹೊಡೆದುಕೊಂಡಿತು. ದ್ವೀಪದಿಂದ ಆಲ್ಫ್‌ಹಿಲ್ಡ್ ಎಂಬ ಮುದುಕಿ. ಶಾಲೆಯಲ್ಲಿ ಬಲವಂತಕ್ಕೆ ಕಲಿತ ನನ್ನ ಸ್ವೀಡಿಶ್ ಅವಳ ಅಳುವಿನ ಮುಂದೆ ಏನೂ ಸಾಲಲಿಲ್ಲ. ಅಷ್ಟು ಹೊತ್ತಿಗೆ ಡೀಸಾ ಕೆಲಸಕ್ಕೆ ಬಂದಳು, ರಿಸೀವರ್ ಅವಳ ಕೈಗೆ ಕೊಟ್ಟೆ. ಆಲ್ಫ್‌ಹಿಲ್ಡಳ ಗಂಡ ಫ್ರಿಡೊಲ್ಫ್ ವಾಂತಿಭೇದಿಯಾಗಿ ಆಸ್ಪತ್ರೆಯಲ್ಲಿದ್ದ, ಮೂತ್ರಪಿಂಡ ಸೋತಿತ್ತು. ಡೀಸಾಳ ಅಪ್ಪನ ದೋಣಿಯಲ್ಲಿ ದುಡಿದವನು ಆತ, ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದವನು. ಡೀಸಾ ರಿಸೀವರ್ ಕಿವಿಗಿಟ್ಟುಕೊಂಡೇ ನನ್ನ ಪರದೆಯಲ್ಲಿ ಸ್ವೀಡಿಶ್ ಪುಟ ತೆರೆದು ನೋಡಿದಳು. ಮೊದಲು ಆ ಸಾಲು ತಿದ್ದಿದಳು, ಆಮೇಲೆ ನನ್ನ ಕಡೆ ತಿರುಗಿ, "ಕಾರು ತೆಗಿ ಆಯ್ಲಾ," ಎಂದಳು.

ಫ್ರಿಡೊಲ್ಫ್ ದಿಂಬಿನಲ್ಲಿ ಹುದುಗಿಹೋಗಿದ್ದ. ಪಕ್ಕದಲ್ಲಿ ಯಂತ್ರ ಗುಂಯ್‌ಗುಡುತ್ತಿತ್ತು. ಡೀಸಾ ಅವನ ಕೈ ಹಿಡಿದು ಕೇಳಿದಳು:

"ದೊಡ್ಡಪ್ಪ, ನಿಂಗೆ ಫಿನ್ನಿಶ್ ಓದೋಕೆ ಬರುತ್ತಲ್ಲ. ಫಿನ್ನಿಶ್ ಪುಟ ನೋಡ್ಲಿಲ್ವಾ?"

"ಎರಡೂ ನೋಡ್ದೆ ಮಗಳೇ. ಅದ್ರಲ್ಲಿ ಕುದಿಸಿ ಅಂತಿತ್ತು. ನಮ್ಮದ್ರಲ್ಲಿ ನೀರು ಚೆನ್ನಾಗಿದೆ ಅಂತಿತ್ತು. ಅದು ಪೇಟೆಯವ್ರಿಗೆ, ಇದು ನಮಗೆ ಅಂದ್ಕೊಂಡೆ."

"ಅಯ್ಯೋ, ಹಾಗಲ್ಲ ದೊಡ್ಡಪ್ಪ..."

"ನಮ್ಮ ಭಾಷೇಲಿ ಬರ್ದಿದ್ದು ಮತ್ತೆ ಯಾರಿಗೆ ಬರ್ದಿದ್ದು? ನೀನೇ ಬರೀತೀಯ ಅಂತ ಗೊತ್ತಿತ್ತು. ಅದಕ್ಕೇ ನಂಬಿದೆ."

"ಅದು ಹಳೇ ಮಾತು ದೊಡ್ಡಪ್ಪ."

"ಹಳೇದು ಅಂತ ಎಲ್ಲಿ ಬರ್ದಿತ್ತು?"

ಎಲ್ಲೂ ಬರೆದಿರಲಿಲ್ಲ. ಡೀಸಾ ಅವನ ಕೈ ಬಿಟ್ಟು ಎದ್ದಳು. ಹೊರಗೆ ಬಂದು ಪಾರ್ಕಿಂಗ್ ಯಂತ್ರಕ್ಕೆ ಬೂಟುಗಾಲಲ್ಲಿ ಒದ್ದಳು. ನನಗೂ ಒದೆಯಬೇಕೆನ್ನಿಸಿತ್ತು, ಯಂತ್ರಕ್ಕಲ್ಲ.

ಊರಲ್ಲಿ ಗುಲ್ಲೆದ್ದ ಮೇಲೆ ಪುರಸಭೆಗೆ ಒಬ್ಬ ತಪ್ಪಿತಸ್ಥರು ಬೇಕಾಯಿತು. ಸಿಕ್ಕಿದವಳು ಯಾರು ಗೊತ್ತೆ? ಡೀಸಾ. ಸ್ವೀಡಿಶ್ ಪುಟಗಳ ಹೊಣೆ ಅವಳದು, ರಜೆಗೆ ಹೋಗುವ ಮುನ್ನ ಅವಳು ಅವುಗಳನ್ನು ನೋಡಿಕೊಳ್ಳಬೇಕಿತ್ತು ಎಂದು ಲಿಖಿತ ಎಚ್ಚರಿಕೆ ಸಿದ್ಧವಾಯಿತು. ಅವಳು ರಜೆಗೆ ಹೋದಾಗ ನೀರು ಚೆನ್ನಾಗಿಯೇ ಇತ್ತು ಎಂಬುದು ಯಾರಿಗೂ ಹೊಳೆಯಲಿಲ್ಲವೋ, ಹೊಳೆಯುವುದು ಬೇಡವಾಗಿತ್ತೋ. ಕಣ್ಣು ಕಟ್ಟಿದವನು ಒಬ್ಬ, ಎಡವಿದಳು ಎಂದು ಶಿಕ್ಷೆ ಇನ್ನೊಬ್ಬಳಿಗೆ. ಈಗಲೂ ನೆನೆದರೆ ನನ್ನ ಮೈ ಉರಿಯುತ್ತದೆ.

ಸಭೆಗೆ ನಾನು ಸಂಘದ ಪರವಾಗಿ ಟೊಂಕ ಕಟ್ಟಿಯೇ ಹೋದೆ. ಆಡಳಿತದ ಮುಖ್ಯಸ್ಥೆ ರೈಯಾ ಮೇಜಿನ ತುದಿಯಲ್ಲಿ, ಯಾರ್ನೊ ಅವಳ ಪಕ್ಕ, ಎದುರಿಗೆ ನಾವಿಬ್ಬರು. ಗೋಡೆಯ ಮೇಲಿನ ಪರದೆಯಲ್ಲಿ ನಮ್ಮ ಪುಟಗಳ ಸಾಲು, ಉದ್ದಕ್ಕೂ ಹಸಿರು ಟಿಕ್.

"ಈ ಎಚ್ಚರಿಕೆಯನ್ನ ನಾವು ಒಪ್ಪಲ್ಲ," ಎಂದೆ. "ಕಾಲಂ ತೆಗೆದಿದ್ದು ಯಾರ್ನೊ. ಟಿಕ್ ನೋಡಿ ಎದ್ದುಹೋಗಿದ್ದೂ ಯಾರ್ನೊ."

"ಗುರುತು ಹಸಿರಾಗಿತ್ತು," ಎಂದ ಯಾರ್ನೊ. "ನಾನೇನು ಮಾಡ್ಲಿ?"

"ಒಪ್ಪಲ್ಲ ಅಂದ್ರೆ ವಿಚಾರಣೆ ನಡೆಯುತ್ತೆ, ಅದು ನಿಮ್ಮ ಹಕ್ಕು," ಎಂದಳು ರೈಯಾ. "ಶರತ್ಕಾಲದವರೆಗೂ ಹೋಗಬಹುದು. ಅಲ್ಲೀತನಕ ಜಾಲತಾಣದ ವ್ಯವಸ್ಥೇಲಿ ಏನನ್ನೂ ಬದಲಾಯಿಸೋ ಹಾಗಿಲ್ಲ. ಬದಲಾಯಿಸಿದ್ರೆ ನಾವೇ ತಪ್ಪು ಒಪ್ಪಿಕೊಂಡ ಹಾಗಾಗುತ್ತೆ."

"ಹೋಗ್ಲಿ, ನಡೀಲಿ ವಿಚಾರಣೆ. ಗೆಲ್ಲೋರು ನಾವೇ," ಎಂದೆ.

"ಶರತ್ಕಾಲದವರೆಗೂ ಕಾಲಂ ಬರಲ್ವಾ?" ಎಂದು ಡೀಸಾ ಕೇಳಿದಳು.

"ಬರಲ್ಲ."

"ಎಚ್ಚರಿಕೆ ತಗೊಂಡ್ರೆ?"

ರೈಯಾ ಯಾರ್ನೊನ ಮುಖ ನೋಡಿದಳು. "ತಗೊಂಡ್ರೆ ವಿಷಯ ಇಲ್ಲಿಗೆ ಮುಗೀತು. ಕಾಲಂ ಹಾಕಿಸಬಹುದು."

"ಹಾಗಾದ್ರೆ ಈಗ್ಲೇ ಹಾಕಿ. ಆ ಗೋಡೆ ಮೇಲೆ. ನಾನು ನೋಡ್ಬೇಕು. ಆಮೇಲೆ ಸಹಿ ಹಾಕ್ತೀನಿ."

ನಾನು ಅವಳ ತೋಳು ಹಿಡಿದು ಎಳೆದೆ. "ಹುಚ್ಚು ಹಿಡಿದಿದ್ಯೇನೆ ನಿಂಗೆ? ನೀನೇನು ತಪ್ಪು ಮಾಡಿದೀಯ ಅಂತ ಸಹಿ?"

"ಸುಮ್ನಿರು ಮಾರಾಯ್ತಿ. ಶರತ್ಕಾಲದೊಳಗೆ ಇನ್ನೊಬ್ಬ ಮುದುಕ ಆಸ್ಪತ್ರೇಲಿ ಮಲಗ್ತಾನೆ."

ಯಾರ್ನೊ ತಾನೇ ಕಾಲಂ ಸೇರಿಸಿದ. ಅಷ್ಟೇನೂ ಹೊತ್ತು ಹಿಡಿಯಲಿಲ್ಲ. ಇಷ್ಟು ಸಣ್ಣ ಕೆಲಸಕ್ಕಾಗಿಯೇ ಅವಳು ಅಷ್ಟು ಕಾಲ ಅಂಗಲಾಚಿದ್ದು. ಗೋಡೆ ಮೇಲಿಂದ ಕೆಳಗೆ ಕೆಂಪಾಯಿತು. ರಜೆಯ ದಿನದ ದಂತವೈದ್ಯರ ನಂಬರು, ಕಡವಿನ ದೋಣಿಯ ಬೇಸಿಗೆ ವೇಳೆ, ಶಿಶುವಿಹಾರದ ಅರ್ಜಿಯ ಗಡುವು, ಮುದುಕರ ಊಟದ ಗಾಡಿ, ಸಾಲು ಸಾಲಾಗಿ ಸ್ವೀಡಿಶ್ ಪುಟಗಳು ಹಿಂದೆ ಬಿದ್ದಿದ್ದವು. ಪ್ರತಿ ಕೆಂಪು ಸಾಲಿನ ಪಕ್ಕದಲ್ಲೂ ಒಂದು ಹಸಿರು ಟಿಕ್.

"ಎಲ್ಲದಕ್ಕೂ ಟಿಕ್ ಇದೆಯಲ್ಲ..." ಎಂದು ಯಾರ್ನೊ ಗೊಣಗಿದ.

ರೈಯಾ ಗೋಡೆಯ ಮೇಲಿನ ಸಾಲುಗಳನ್ನು ಕೊನೆಯವರೆಗೂ ಓದಿದಳು. ಈಗಲಾದರೂ ಆ ಕಾಗದ ಹರಿಯುತ್ತಾಳೆ ಎಂದು ನಾನು ಕಾದೆ. ಅವಳು ತಣ್ಣಗಾದ ಕಾಫಿ ಕುಡಿದು, ಕಾಗದವನ್ನು ಡೀಸಾಳ ಕಡೆ ಸರಿಸಿದಳು.

"ಇಷ್ಟು ನೋಡಿದ ಮೇಲೂನಾ?" ಎಂದೆ. "ನಾಚಿಕೆ ಆಗಲ್ವಾ ನಿಮಗೆ?"

"ಮಾತಾಗಿದೆಯಲ್ಲ ಆಯ್ಲಾ," ಎಂದಳು ರೈಯಾ.

ಡೀಸಾ ಪೆನ್ನು ತೆಗೆದುಕೊಂಡಳು. ಕಾಗದವಿಡೀ ಫಿನ್ನಿಶ್‌ನಲ್ಲಿತ್ತು. ತಡೆಯಲು ನನಗೆ ಬೇರೆ ದಾರಿ ತೋಚದೆ, "ಸ್ವೀಡಿಶ್ ಪ್ರತಿ ಎಲ್ಲಿ? ಅವಳ ಭಾಷೇಲಿ ಕೊಡ್ಬೇಕು ಅಂತ ಕಾನೂನಿದೆ," ಎಂದೆ.

ರೈಯಾ ಕೊಂಚ ತಬ್ಬಿಬ್ಬಾದಳು. "ಕೊಡ್ತೀವಿ... ಆದ್ರೆ ನಮ್ಮಲ್ಲಿ ಸ್ವೀಡಿಶ್‌ಗೆ ಅನುವಾದ ಮಾಡೋಳು ಡೀಸಾನೇ ಅಲ್ವಾ?"

ಡೀಸಾ ಸಹಿ ಹಾಕಿ, ಕಾಗದ ಮಡಿಸಿಕೊಂಡು ಎದ್ದಳು.

"ಮಾಡ್ಕೊಡ್ತೀನಿ," ಎಂದಳು. "ಮೊದ್ಲು ಹಲ್ಲಿನ ಡಾಕ್ಟ್ರು, ಆಮೇಲೆ ದೋಣಿ, ಆಮೇಲೆ ಊಟದ ಗಾಡಿ. ಇದು ಎಲ್ಲದಕ್ಕಿಂತ ಕೊನೇಲಿ."