ತಾಟಿನ ಸಪ್ಪಳಕ್ಕೆ ಡಿಶ್ ತಿರುಗಿಸುವ ಗುಲ್ನಾರ

“ಅಬ್ಬಾನ ಕಾಲು ನೆಟ್ಟಗಾಗೂತನಕ ಅಷ್ಟ, ಅಮ್ಮೀ. ಆಮ್ಯಾಲ ಯಾರ ಮಾಳಿಗಿನೂ ಏರಂಗಿಲ್ಲ.”

ಸವಣೂರಿನ ಗುಲ್ನಾರ ತಮ್ಮ ತಾಯಿ ಮರಿಯಮಬಿಗೆ ಈ ಮಾತು ಕೊಟ್ಟಾಗ ಮಗಳು ಮಹೆಕ ತೊಟ್ಟಿಲ ಕೂಸು. ಮಹೆಕ ಈಗ ಹೈಸ್ಕೂಲಿಗೆ ಹೋಗುತ್ತಾಳೆ. ಗುಲ್ನಾರ ಇನ್ನೂ ಮಾಳಿಗೆಯ ಮೇಲೆಯೇ ಇದ್ದಾರೆ.

ಮಸೀದಿಯ ಬೆಳಗಿನ ಕರೆ ಮುಗಿದು ತುಸು ಹೊತ್ತಾಗಿದೆ. ಸವಣೂರಿನ ಓಣಿಯೊಂದರಲ್ಲಿ ಗಿರಾಕಿ ಗೌಸಬಿಯವರ ಮನೆಯ ಮಾಳಿಗೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿದ ಗುಲ್ನಾರ ಟಿವಿ ಡಿಶ್‌ನ ಬೋಲ್ಟು ಸಡಿಲಿಸಿ, ಅದನ್ನು ಒಂದಿಷ್ಟೇ ಪೂರ್ವಕ್ಕೆ ಸರಿಸುತ್ತಾರೆ. ಬಿಸಿಲೇರಿದರೆ ತಗಡು ಮುಟ್ಟಲಾಗದು, ಅದಕ್ಕೇ ಇಷ್ಟು ಬೇಗ. ಕೆಳಗಿನ ಕೋಣೆಯಿಂದ ಗೌಸಬಿ ಚಮಚೆಯಲ್ಲಿ ಸ್ಟೀಲ್ ತಾಟು ಬಡಿಯುವ ಸದ್ದು ಬರುತ್ತದೆ: ಟಣ್... ಟಣ್... ಇನ್ನೂ ಸಿಗ್ನಲ್ ಸಾಲದು ಎಂದು ಅರ್ಥ. ಇನ್ನೊಂಚೂರು ಸರಿಸುತ್ತಾರೆ. ಟಣಟಣಟಣ! ಸಿಗ್ನಲ್ ಬಂತು. ಗುಲ್ನಾರ ಬೋಲ್ಟು ಬಿಗಿಯುತ್ತಾರೆ.

ಡಿಶ್ ಕೂಡಿಸುವುದು ಇಬ್ಬರ ಕೆಲಸ. ಒಬ್ಬರು ಮೇಲೆ ತಿರುಗಿಸಬೇಕು, ಇನ್ನೊಬ್ಬರು ಟಿವಿಯಲ್ಲಿ ಸಿಗ್ನಲ್ಲಿನ ಪಟ್ಟಿ ಏರಿತೋ ಇಳಿಯಿತೋ ನೋಡಿ ಕೂಗಿ ಹೇಳಬೇಕು. ಹಗಲು ಈ ಓಣಿಗಳ ಮನೆಗಳಲ್ಲಿರುವವರು ಹೆಂಗಸರೇ. ಮಾಳಿಗೆ ಮೇಲಿನ ಅಪರಿಚಿತ ಗಂಡಸಿಗೆ ಬೀದಿಗೆ ಕೇಳುವಂತೆ ಕೂಗುವವರು ಯಾರು? ಆ ಗಂಡಸು ಕೂಡ ಏರುವ ಮೊದಲು, “ಮಾಳಿಗಿ ಏರಾಕತ್ತೇವ್ರೀ!” ಎಂದು ಸುತ್ತಲಿನ ಅಂಗಳಗಳಿಗೆಲ್ಲ ಸಾರಬೇಕು. ಬಟ್ಟೆ ಒಗೆಯುತ್ತಿದ್ದವರು ಎದ್ದು ಒಳಹೋಗುವವರೆಗೆ ಕಾಯಬೇಕು. ಗುಲ್ನಾರ ಏರಿದರೆ ಯಾರೂ ಏಳಬೇಕಿಲ್ಲ. ತಾಟಿನ ಉಪಾಯವೂ ಅವರದ್ದೇ.

“ಬಾಯಿಗೆ ನಾಚಿಕಿ ಇರಬಹುದು. ತಾಟಿಗೆ ಏನ್ ನಾಚಿಕಿರೀ?” ಎಂದು ನಗುತ್ತಾರೆ.

ಇಳಿದು ಬಂದು ಕೇಬಲ್ಲಿನ ತುದಿ ಸುಲಿಯುತ್ತಾರೆ. ಒಳಗಿನ ತಾಮ್ರದ ತಂತಿಗೆ ಸುತ್ತಲಿನ ಜಾಲರಿಯ ಒಂದು ಎಳೆಯೂ ತಾಗದಂತೆ ನೋಡಿ ಪಿನ್ ತಿರುವುತ್ತಾರೆ. ಆ ತುದಿ ಸೆಟ್‌ಟಾಪ್ ಬಾಕ್ಸಿಗೆ, ಬಾಕ್ಸಿನಿಂದ ಇನ್ನೊಂದು ವೈರ್ ಟಿವಿಗೆ. ಚಿತ್ರ ಬಂದ ಮೇಲೂ ಹೊರಡುವುದಿಲ್ಲ. ರಿಮೋಟನ್ನು ಗೌಸಬಿಯವರ ಕೈಗೆ ಕೊಟ್ಟು ತಾವು ಕೈಕಟ್ಟಿ ನಿಲ್ಲುತ್ತಾರೆ. “ನೀವ ಹಚ್ಚಿ ನೀವ ಆರಿಸ್ರಿ. ಇಲ್ಲಂದ್ರ ಸಂಜಿಕ ನನಗ ಫೋನ್ ಬರತೈತಿ.”

ಬೋಲ್ಟು ತಿರುವುವ ಪಾನಾ, ತಂತಿ ಹಿಡಿಯುವ ಪಕ್ಕಡ, ಕೇಬಲ್ ಸುರುಳಿ ತುಂಬಿದ ಅವರ ಹೆಗಲ ಚೀಲ ತಂದೆ ಮಹಮ್ಮದಗೌಸರದು. ಮಾಳಿಗೆಯಿಂದ ಮಾಳಿಗೆಗೆ ಕೇಬಲ್ ಎಳೆಯುತ್ತಿದ್ದ ಕಾಲದಿಂದಲೂ ಅವರು ಈ ಕಸುಬಿನವರು. ಒಂದು ಮಳೆಗಾಲದಲ್ಲಿ ಬಂಕಾಪುರದ ಮನೆಯೊಂದರ ಪಾಚಿಗಟ್ಟಿದ ಮಾಳಿಗೆಯಿಂದ ಜಾರಿ ಬಿದ್ದರು. ತೊಡೆಯ ಎಲುಬು ಮುರಿಯಿತು. ಒಪ್ಪಿಕೊಂಡ ಕೆಲಸಗಳು ಹಾಗೇ ಉಳಿದವು. ಚಿಕ್ಕಂದಿನಿಂದ ತಂದೆಯ ಪಕ್ಕ ಕುಳಿತು ಪಿನ್ ತಿರುವಿ ಕಲಿತಿದ್ದ ಮಗಳು ಚೀಲ ಹೆಗಲಿಗೇರಿಸಿದರು. ಅಕ್ಕಿಆಲೂರಿನ ರೈಸ್‌ಮಿಲ್ಲಿನಲ್ಲಿ ದುಡಿಯುವ ಗಂಡ ಅಯಾಜ್ ಬೇಡ ಎನ್ನಲಿಲ್ಲ. ಬೇಡ ಎಂದವರು ತಾಯಿ.

“ಒಂದು ಕಾಲು ಮುರದದ್ದು ನೋಡೇನಿ. ಇನ್ನೊಂದು ನೋಡೂ ಧೈರ್ಯ ನನ್ನ ಕಡೆ ಇಲ್ರೀ” ಎನ್ನುತ್ತಾರೆ ಮರಿಯಮಬಿ. ಆ ಭಯಕ್ಕೆ ಕೊಟ್ಟದ್ದೇ ಆ ಮಾತು.

ಗೌಸಬಿಯವರ ಮನೆಯಿಂದ ಸ್ಕೂಟರ್ ನೇರ ಮಾಸೂರಿಗೆ ಹೊರಡುತ್ತದೆ. ಅಲ್ಲಿ ಮುದಕವ್ವನ ಹಂಚಿನ ಮನೆಯ ಡಿಶ್ ಮೇಲೆ ಮಂಗಗಳು ಕುಳಿತು ಅದರ ಕತ್ತು ಬಾಗಿಸಿವೆ. ಕಟ್ಟೆಯ ಮೇಲಿಂದಲೇ ಮುದಕವ್ವನ ಸ್ವಾಗತ: “ಬಂದೇನವಾ? ಈ ಸಲ ನನ್ನ ಮೊಮ್ಮಗಳ ಹಸಿವಿಗೆ ಡಿಶ್ ತಿರುವಬ್ಯಾಡ ಮತ್ತ!”

ಗುಲ್ನಾರ ನಾಚಿ ಕಥೆ ಹೇಳುತ್ತಾರೆ. ಹಿಂದೊಮ್ಮೆ ಇದೇ ಮನೆಯಲ್ಲಿ ತಾಟು ಜೋರಾಗಿ ಬಡಿದದ್ದು ಕೇಳಿ, ಸಿಗ್ನಲ್ ಬಂತೆಂದು ಬೋಲ್ಟು ಬಿಗಿದು ಇಳಿದರಂತೆ. “ಒಳಗ ನೋಡಿದ್ರ ಟಿವಿ ಬರೇ ನೀಲಿ. ಕೂಸು ರೊಟ್ಟಿ ಬೇಕಂತ ತಾಟು ಬಡಿಯಾಕತ್ತಿತ್ತು!”

“ಕೂಸಿಗೆ ರೊಟ್ಟಿ ಕೊಟ್ಟ ಮ್ಯಾಲ ಈಕಿಗೆ ಸಿಗ್ನಲ್ಲ ಹ್ವಾತು” ಎಂದು ಮುದಕವ್ವ ತೊಡೆ ತಟ್ಟಿ ನಗುತ್ತಾರೆ.

ಬಾಕ್ಸು ಕೊಡುವ ಶಿಗ್ಗಾಂವದ ಅಂಗಡಿಯವರು ಈಗ ಹಿರೇಕೆರೂರು ಕಡೆಯ ಹಳ್ಳಿಗಳನ್ನೂ ಪೂರ್ತಿ ನೋಡಿಕೊಳ್ಳಲು ಕೇಳಿದ್ದಾರೆ. ಗುಲ್ನಾರ ಅವರಿಗೆ ಆಸೆಯಿದೆ. ಆದರೆ ಅದೇ ವಾರ ಮನೆಯಲ್ಲಿ ಹಳೆಯ ಮಾತು ಎದ್ದು ಕೂತಿದೆ.

ಇಷ್ಟು ವರ್ಷ ಮರಿಯಮಬಿ ಆ ಮಾತು ತೆಗೆದಾಗಲೆಲ್ಲ ಮಹಮ್ಮದಗೌಸ ತೊಡೆ ಒತ್ತಿಕೊಂಡು, “ಇನ್ನೂ ಸೆಳಿತೈತಿ” ಎಂದು ಕೋಲಿಗೆ ಕೈಹಾಕುತ್ತಿದ್ದರು. ಮೊನ್ನೆ ಸಂತೆಯಿಂದ ಮರಳುತ್ತಿದ್ದ ಮರಿಯಮಬಿಯವರ ಕಣ್ಣಿಗೆ ಗಂಡ ಬಿದ್ದರು. “ಶಿಗ್ಗಾಂವ ಬಸ್ಸಿನ ಹಿಂದ ಓಡಾಕತ್ತಿದ್ರು. ಕೋಲು ಬಗಲಾಗ! ಹುಡುಗರಿಗಿಂತ ಮೊದಲ ಹತ್ತಿದ್ರು” ಎನ್ನುವಾಗ ಅವರಿಗೆ ಸಿಟ್ಟೂ ನಗುವೂ ಒಟ್ಟಿಗೇ ಬರುತ್ತವೆ.

ಮಹಮ್ಮದಗೌಸ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾರೆ. “ಕಾಲು ಆವಾಗಿಂದನ ಚಲೋ ಐತ್ರಿ. ಹಂಗಂತ ಹೇಳಿದ್ರ ಇಕಿ ಮಾಳಿಗಿ ಇಳೀಬೇಕಾಗತೈತಿ. ಅದಕ್ಕ ಕುಂಟಿದೆ.”

ಮೊನ್ನೆಯವರೆಗೆ ಮಗಳಿಗೂ ಇದು ಗೊತ್ತಿರಲಿಲ್ಲ. ಮಾಸೂರಿನಿಂದ ಮರಳಿದ ಗುಲ್ನಾರ ಚೀಲವನ್ನು ಹೆಗಲಿನಿಂದ ಇಳಿಸುವ ಮೊದಲೇ ತಂದೆಯ ಕೈಯಿಂದ ಕೋಲು ತೆಗೆದು ಬಾಗಿಲ ಹಿಂದೆ ಇಡುತ್ತಾರೆ. “ನನ್ನ ಸಲುವಾಗಿ ಕುಂಟೂದು ಸಾಕು, ಅಬ್ಬಾ.”

“ಮತ್ತ ನೀ ಕೊಟ್ಟ ಮಾತು?” ತಾಯಿಯ ಪ್ರಶ್ನೆ.

“ತಪ್ಪಾಕತ್ತೇನಿ, ಅಮ್ಮೀ. ಆವತ್ತು ಅಬ್ಬಾನ ಕೆಲಸ ಅಂತ ತಿಳದು ಮಾತು ಕೊಟ್ಟೆ. ಈಗ ಇದು ನಂದ ಕೆಲಸ. ಸುಳ್ಳಿನ ಮರೆಗೆ ನಿಂತು ಏರಂಗಿಲ್ಲ, ನಿನಗ ಹೇಳೇ ಏರ್ತೇನಿ.”

“ನಾ ಹೂಂ ಅನ್ನಂಗಿಲ್ಲ.”

“ಅನಬ್ಯಾಡ. ನಾ ಮ್ಯಾಲಿದ್ದಾಗ ಫೋನ್ ಮಾಡಬ್ಯಾಡ, ಅಷ್ಟ. ಎರಡೂ ಕೈ ಬೇಕಾಗ್ತಾವ.”

ಮರಿಯಮಬಿ ಅಡುಗೆಮನೆಗೆ ಹೋಗುತ್ತಾರೆ. ಗುಲ್ನಾರ ಅಲ್ಲೇ ನಿಂತು ಶಿಗ್ಗಾಂವದ ಅಂಗಡಿಗೆ ಫೋನ್ ಹಚ್ಚಿ, ಹಿರೇಕೆರೂರಿನ ಹಳ್ಳಿಗಳಿಗೆ ಒಪ್ಪಿಗೆ ಹೇಳುತ್ತಾರೆ. ತಾಯಿಗೆ ಕೇಳುವಷ್ಟು ಜೋರಾಗಿಯೇ ಹೇಳುತ್ತಾರೆ.

ಮಹಮ್ಮದಗೌಸರ ಕಾಲು ನೆಟ್ಟಗಾಗಿದೆ. ಗುಲ್ನಾರ ಕೊಟ್ಟ ಮಾತನ್ನು ಉಳಿಸಿಕೊಂಡಿಲ್ಲ.