ಗೆದ್ದ ತೀರ್ಪಿನ ಆರು ಸಾಲು

ದಾವೆ ಸೋತವರು ತೀರ್ಪಿನ ನಕಲು ಹಿಡಿದು ಮನೆ ಮನೆ ಅಲೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಗೆದ್ದವರು ಹಾಗೆ ಅಲೆದದ್ದನ್ನು ನೋಡಿದ್ದು ಒಂದೇ ಸಲ.

ಆಗಿನ್ನೂ ನಮ್ಮ ಸೀಮೆ ಮದ್ರಾಸ್ ಸರ್ಕಾರದ ಕೈಯಲ್ಲಿತ್ತು. ನಾನು ಹೊಸಪೇಟೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್ ಮಿಸ್ಟ್ರೆಸ್ಸು. ಹೆಸರಿಗೆ ಹೆಡ್, ಅಷ್ಟೆ. ಇದ್ದವರು ನಾನು ಮತ್ತು ಹೊಲಿಗೆ ಹೇಳಿಕೊಡುವ ಇನ್ನೊಬ್ಬರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ನನ್ನನ್ನು ಅಪ್ಪ ಬಂಧುಗಳ ಮಾತು ಕೇಳದೆ ಬಳ್ಳಾರಿಗೆ ಕಳಿಸಿ ಓದಿಸಿದ್ದರು. ಇಂಗ್ಲಿಷ್ ಬಲ್ಲ ಹೆಂಗಸೊಬ್ಬಳು ಇದ್ದಾಳೆಂದು ಸುದ್ದಿಯಾಗಿ, ಸುತ್ತಲ ಊರುಗಳ ಹೆಣ್ಣುಮಕ್ಕಳು ಕಾಗದ ಓದಿಸಿಕೊಳ್ಳಲು ನನ್ನ ಹತ್ತಿರ ಬರುತ್ತಿದ್ದರು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಕಂಪ್ಲಿಯಿಂದ ಒಬ್ಬ ಹೆಂಗಸು ಬಂದರು. ಐವತ್ತರ ಹತ್ತಿರದ ವಯಸ್ಸು, ಬಿಸಿಲಿಗೆ ಕಂದಿದ ಮುಖ, ಹಣೆಯ ಮೇಲೆ ವಿಭೂತಿ. ಜಗಲಿಯ ಮೇಲೆ ಕುಳಿತು, ಸೆರಗಿನ ಗಂಟಿನಿಂದ ಮಡಚಿದ ಕಾಗದ ತೆಗೆದು ನನ್ನ ಕೈಗಿಟ್ಟರು.

"ಅಕ್ಕೋರ, ಇದನ್ನ ಓದ್ರಿ. ಒಂದ ಅಕ್ಷರ ಬಿಡಬ್ಯಾಡ್ರಿ" ಅಂದರು.

ಅದು ಮುನಸೀಫರು, ಅಂದರೆ ಕೆಳಗಿನ ಕೋರ್ಟಿನ ನ್ಯಾಯಾಧೀಶರು, ಇಂಗ್ಲಿಷಿನಲ್ಲಿ ಕೊಟ್ಟ ತೀರ್ಪಿನ ನಕಲು. ಯಾವ ಊರಿನ ಕೋರ್ಟು ಎಂದು ನಾನು ಬರೆಯುವುದಿಲ್ಲ. ಆಕೆಯ ಕಥೆ ಇಷ್ಟು. ಸಂಡೂರು ಕಡೆಯ ಹೆಣ್ಣು, ಕಂಪ್ಲಿಗೆ ಕೊಟ್ಟಿದ್ದರು. ಒಬ್ಬಳು ಮಗಳು, ಮದುವೆಯಾಗಿ ಹೋಗಿದ್ದಳು. ಗಂಡ ತೀರಿಕೊಂಡ ಮೇಲೆ ಮೈದುನ ಕಾಲುವೆ ಕೆಳಗಿನ ಗದ್ದೆಯನ್ನು ಹಿಡಿದುಕೊಂಡ. ಅಣ್ಣತಮ್ಮಂದಿರು ಪಾಲಾಗಿರಲೇ ಇಲ್ಲ, ಎಲ್ಲ ಕೂಡು ಆಸ್ತಿ, ಆದ್ದರಿಂದ ತನಗೇ ಸೇರಬೇಕು ಎಂಬುದು ಅವನ ವಾದ. ಆಗಿನ ಕಾನೂನಿನಲ್ಲಿ ಪಾಲಾಗದ ಮನೆಯ ವಿಧವೆಗೆ ಅನ್ನ ಬಟ್ಟೆಗೆ ಮಾತ್ರ ಹಕ್ಕು. ಪಾಲಾಗಿದ್ದರೆ ಗಂಡನ ಭಾಗ ಆಕೆಯದು. ಪಾಲಾಗಿ ಹನ್ನೆರಡು ವರ್ಷವಾಗಿದೆ, ಪಾಲು ಹಂಚುವಾಗ ತಾನು ಅಲ್ಲೇ ಇದ್ದೆ ಎಂದು ಆಕೆ ಕೋರ್ಟಿನಲ್ಲಿ ನಿಂತು ಹೇಳಿದ್ದರು. ಕೊನೆಗೆ ಗೆದ್ದಿದ್ದರು.

ನಾನು ಓದುತ್ತಾ ಹೋದೆ. ನಡುವೆ ಒಂದು ಪುಟದಲ್ಲಿ ಆರು ಸಾಲು ಬಂದವು. ಕಣ್ಣಾಡಿಸಿ, ಅವನ್ನು ಹಾರಿಸಿದೆ. "ನಿಮ್ಮ ಸಾಕ್ಷಿ ಸಾಲದು ಅಂದಾರ, ಆದ್ರ ಬ್ಯಾರೆ ಸಾಕ್ಷಿ ಇದ್ದದ್ದಕ್ಕ ಗದ್ದಿ ನಿಮ್ಮದು ಅಂತ ಬರದಾರ" ಎಂದು ಹೇಳಿ ಮುಂದಕ್ಕೆ ಹೊರಟೆ.

ಆಕೆ ಕಾಗದದ ಮೇಲೆ ಕೈ ಇಟ್ಟರು. "ಅಲ್ಲಿ ಇನ್ನೂ ಐತಿ. ಗಂಡುಬೀರಿ ಅಂತ ಐತಿ. ನನ್ನ ಮೈದುನ ಯಾರ ಕಡಿಂದನೋ ಓದಿಸ್ಯಾನ. ಕಾಲುವಿ ದಂಡಿ ಮ್ಯಾಲೆ ಮಂದಿ ಕೂಡಿಸಿ ಹೇಳ್ಯಾನ. ಇದು ನನ್ನ ಮಾತಲ್ಲ, ಸರ್ಕಾರನ ಬರದೈತಿ ಅಂತ. ಖರೇನೋ ಸುಳ್ಳೋ ನನಗ ತಿಳೀಬೇಕು. ಅದಕ್ಕ ನಿಮ್ಮ ತನಕ ಬಂದೀನಿ."

ಬೇರೆ ದಾರಿ ಇರಲಿಲ್ಲ. ಸಾಲು ಸಾಲಾಗಿ ಕನ್ನಡ ಮಾಡುತ್ತಾ ಓದಿದೆ. "ವಾದಿ ಗಂಡುಬೀರಿ ಸ್ವಭಾವದ, ನಾಲಿಗೆಗೆ ಲಗಾಮಿಲ್ಲದ ಹೆಂಗಸು. ಸಾಕ್ಷಿ ಹೇಳುವಾಗ ಅವಳು ಒಮ್ಮೆಯೂ ತಲೆ ತಗ್ಗಿಸಲಿಲ್ಲ, ತಡವರಿಸಲಿಲ್ಲ. ಪಾಠ ಮಾಡಿಸಿಕೊಂಡು ಬಂದಂತಿತ್ತು. ಆಸ್ತಿ ಹಂಚಿಕೆಯಂಥ ವಿಷಯ ಅಡುಗೆಮನೆಯ ಹೆಂಗಸಿಗೆ ತಿಳಿದಿರುವ ಸಂಭವ ಕಡಿಮೆ. ಅವಳ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ರತಿವಾದಿ ಮರ್ಯಾದಸ್ಥ ರೈತರು, ಅವರಿಗೆ ನೆನಪು ತಪ್ಪಿರಬೇಕು."

ಆಕೆ ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡು ಆ ಸಾಲುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಕೇಳಿದರು. "ನನ್ನ ಮೈದುನಗ 'ಅವರು' ಅಂತ ಬರದಾರೇನು? ನನಗ 'ಅವಳು' ಅಂತ?"

"ಇಲ್ಲರಿ. ಇಂಗ್ಲಿಷಿನ್ಯಾಗ ಹಂಗ ಇರಂಗಿಲ್ಲ. ದೊಡ್ಡವರಿಗೂ ಸಣ್ಣವರಿಗೂ ಒಂದ."

"ಮತ್ತ ಅದನ್ನ ಯಾರು ಹಾಕಿದ್ರು?"

ಹಾಕಿದವಳು ನಾನು. ಯಾರೂ ಹೇಳಿಕೊಟ್ಟಿರಲಿಲ್ಲ. ಎದುರಿಗೆ ಕುಳಿತವರನ್ನು ಬಾಯಿ ತುಂಬ 'ನೀವು' ಎನ್ನುತ್ತಿದ್ದವಳು, ಓದುವಾಗ ಅದೇ ಹೆಂಗಸನ್ನು 'ಅವಳು' ಎಂದಿದ್ದೆ. ಸುಳ್ಳು ಹೇಳಿ ಸಿಕ್ಕಿಬಿದ್ದವನನ್ನು 'ಅವರು' ಎಂದಿದ್ದೆ. ಕೋರ್ಟಿನ ಕಾಗದ ಕೈಗೆ ಬಂದೊಡನೆ ನಾಲಿಗೆ ತಾನೇ ಹಾಗೆ ಹೊರಳಿತ್ತು. ಮುನಸೀಫರ ಮೇಲೆ ಬಂದಿದ್ದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ತಿರುಗಿತು. ಆ ದಿನದಿಂದ ಯಾರಿಗಾದರೂ ಕೋರ್ಟಿನ ಕಾಗದ ಓದಿ ಹೇಳುವ ಮೊದಲು, ಯಾರನ್ನು ಏನೆನ್ನಬೇಕೆಂದು ಒಂದು ಗಳಿಗೆ ಯೋಚಿಸುವುದು ನನಗೆ ರೂಢಿಯಾಯಿತು.

"ಹಂಗಾದ್ರ ನನ್ನ ಮಾತು ನಂಬದ ಯಾರ ಮಾತು ನಂಬ್ಯಾರ?" ಎಂದು ಆಕೆ ಕೇಳಿದರು.

ಮುಂದಿನ ಪುಟದಲ್ಲಿತ್ತು. ಕಂದಾಯದ ಪಟ್ಟಾ ಇಬ್ಬರ ಹೆಸರಿಗೂ ಬೇರೆ ಬೇರೆ ಇದ್ದದ್ದು ಒಂದು ಕಾರಣ. ಇನ್ನೊಂದು, ನೀರಗಂಟಿಯ ಸಾಕ್ಷಿ. ಕಾಲುವೆಯ ನೀರನ್ನು ಸರದಿಯ ಪ್ರಕಾರ ಗದ್ದೆಗಳಿಗೆ ಬಿಡುವವನು ನೀರಗಂಟಿ. ಹನ್ನೆರಡು ವರ್ಷದಿಂದ ಆ ಇಬ್ಬರು ಅಣ್ಣತಮ್ಮಂದಿರ ಗದ್ದೆಗೆ ಬೇರೆ ಬೇರೆ ಸರದಿಯಲ್ಲಿ ನೀರು ಬಿಡುತ್ತಿದ್ದೇನೆ ಎಂದು ಅವನು ಹೇಳಿದ್ದ. "ಸರಳ ಮನಸ್ಸಿನ ಹಳ್ಳಿಗ, ಸುಳ್ಳು ಹೇಳಲು ಕಾರಣವಿಲ್ಲ" ಎಂದು ಮುನಸೀಫರು ಅವನನ್ನು ಪೂರ್ತಿ ನಂಬಿದ್ದರು.

ಆಕೆ ನಕ್ಕರು. ಸಂತೋಷದ ನಗುವಲ್ಲ ಅದು. "ಪಾಲಾದ ಮರುದಿನ ಮುಂಜಾನೆ ಕಾಲುವಿಗೆ ಹೋಗಿ ಅವಗ ಹೇಳಿದಾಕಿ ನಾನ ಅಕ್ಕೋರ. ಇವತ್ತಿನಿಂದ ನಮಗ ಬ್ಯಾರೆ, ಅವರಿಗೆ ಬ್ಯಾರೆ ನೀರು ಬಿಡಪಾ ಅಂತ. ನಾ ಹೇಳಿದ್ದನ್ನ ಅವ ಹೇಳಿದ್ರ ಖರೆ. ನಾ ಹೇಳಿದ್ರ ಪಾಠ."

ಆ ಮಾತು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಮುಂದಿನ ವಾರ ಇಬ್ಬರೂ ಆಕೆಯ ವಕೀಲರ ಮನೆಗೆ ಹೋದೆವು. ಕೆಟ್ಟ ಮನುಷ್ಯರಲ್ಲ ಅವರು. ಕೂಡ್ರಿಸಿ, ಮಜ್ಜಿಗೆ ತರಿಸಿ ಕೊಟ್ಟರು. ಆರು ಸಾಲು ತೆಗೆಸಬೇಕು ಎಂದಾಗ ಮಾತ್ರ ತಡೆಯಲಾರದೆ ನಕ್ಕರು.

"ಗೆದ್ದವರು ಅಪೀಲ್ ಮಾಡೂದು ಎಲ್ಲೂ ಇಲ್ಲಮ್ಮ. ತೀರ್ಪಿಗೆ ಸಹಿ ಬಿದ್ದ ಮ್ಯಾಲೆ ಬರೆದವರಿಗೂ ತಿದ್ದೂಕೆ ಬರಂಗಿಲ್ಲ. ಗದ್ದಿ ನಿಮ್ಮದಾತು. ಕಾಗದದಾಗ ಏನಿದ್ರ ಏನು? ಕೋರ್ಟಿನ ಬೀರು ತೆಗೆದು ಯಾರು ಓದ್ತಾರ?"

"ನನ್ನ ಮೈದುನ ಓದಿಸ್ಯಾನಲ್ರಿ" ಎಂದರು ಆಕೆ.

ವಕೀಲರು ನನ್ನ ಕಡೆ ತಿರುಗಿ, "ನೀವು ಓದಿದವರು, ತಿಳಿಸಿ ಹೇಳ್ರಿ" ಎಂದರು. ಕಾನೂನಿನ ಮಟ್ಟಿಗೆ ಅವರ ಮಾತು ಸರಿಯಾಗಿಯೇ ಇತ್ತು. ಆದರೂ ಆಕೆ ಜಗ್ಗದಿದ್ದಾಗ, ತಾನು ಇಂಥ ಅರ್ಜಿ ಹಿಡಿದು ಕೋರ್ಟಿನಲ್ಲಿ ನಿಲ್ಲಲಾರೆ, ಬೇಕಾದರೆ ನೀವೇ ಕೊಡಿ, ಬೆಳಿಗ್ಗೆ ಅರ್ಜಿ ತೆಗೆದುಕೊಳ್ಳುವ ಹೊತ್ತಿಗೆ ಬನ್ನಿ ಎಂದು ದಾರಿಯನ್ನಾದರೂ ತೋರಿಸಿದರು.

ಅರ್ಜಿಯನ್ನು ಆಕೆ ಹೇಳಿದರು, ನಾನು ಬರೆದೆ. ಚಂದ ಮಾಡಲು ಹೋದಲ್ಲೆಲ್ಲ ಆಕೆ ತಡೆದರು. 'ಘನತೆವೆತ್ತ ನ್ಯಾಯಾಲಯದ ಪಾದಾರವಿಂದಗಳಲ್ಲಿ' ಎಂದು ಶುರುಮಾಡಿದ್ದೆ. "ಪಾದ ಗೀದ ಬ್ಯಾಡ್ರಿ, ಸಂಗತಿ ಬರೀರಿ" ಅಂದರು. ಕೊನೆಗೆ ಉಳಿದದ್ದು ಅರ್ಧ ಪುಟ. ನಾನು ಹೇಳಿದ್ದು ನಿಜವೆಂದು ತಮ್ಮ ತೀರ್ಪೇ ಹೇಳುತ್ತದೆ. ನಿಜ ಹೇಳುವಾಗ ತಲೆ ತಗ್ಗಿಸಬೇಕೆಂದು ನನಗೆ ತಿಳಿದಿರಲಿಲ್ಲ. ಗದ್ದೆಯ ಕೆಲಸ ಮಾಡಿದವಳು ನಾನು, ಆದ್ದರಿಂದ ಪಾಲಿನ ಸಂಗತಿ ನನಗೆ ಗೊತ್ತು. ನೀರಗಂಟಿಗೆ ತಿಳಿಸಿದವಳೂ ನಾನೇ. ಆ ಆರು ಸಾಲು ತೆಗೆಯಬೇಕು. ಕೆಳಗೆ ಹೆಬ್ಬೆಟ್ಟು.

ಕೋರ್ಟಿನಲ್ಲಿ ಮುನಸೀಫರನ್ನು ನಾನು ಮೊದಲ ಸಲ ನೋಡಿದೆ. ಬೇರೆ ಸೀಮೆಯಿಂದ ಬಂದವರು, ಮೆದು ಮಾತಿನವರು, ಕನ್ನಡವನ್ನು ಪುಸ್ತಕದಲ್ಲಿದ್ದಂತೆ ಆಡುತ್ತಿದ್ದರು. ಕ್ರೂರಿಯೊಬ್ಬರನ್ನು ಮನಸ್ಸಿನಲ್ಲಿ ಮಾಡಿಕೊಂಡು ಹೋಗಿದ್ದ ನನಗೆ ಸ್ವಲ್ಪ ನಿರಾಶೆಯೇ ಆಯಿತು. ನಾನು ಟೀಚರೆಂದು ತಿಳಿದು ಕುರ್ಚಿ ಹಾಕಿಸಿದರು. ಆಕೆಗೆ ಹಾಕಿಸಲಿಲ್ಲ. ನಾನು ಕೂರಲಿಲ್ಲ.

ಅರ್ಜಿ ಓದಿ ಅವರು ಕನ್ನಡಕ ತೆಗೆದಿಟ್ಟರು. "ನಿಮ್ಮ ಕಡೆಗೇ ತೀರ್ಪು ಕೊಟ್ಟಿದ್ದೇನಲ್ಲ. ಇದರಲ್ಲಿ ಅವಮಾನದ ಉದ್ದೇಶವಿಲ್ಲ. ಸಾಕ್ಷಿ ಹೇಗೆ ನಡೆದುಕೊಂಡರು ಎಂದು ಬರೆಯುವುದು ಪದ್ಧತಿ."

"ಪದ್ಧತಿ ಇರ್ಲಿ ಸ್ವಾಮಿ" ಎಂದರು ಆಕೆ. ತಲೆ ಎತ್ತಿಯೇ ನಿಂತಿದ್ದರು. "ನನ್ನ ಮೈದುನ ಹನ್ನೆರಡು ವರ್ಷ ಬ್ಯಾರೆ ಉಂಡು, ಬ್ಯಾರೆ ಬಿತ್ತಿ, ಪಾಲಾಗಿಲ್ಲ ಅಂದ. ಅದು ಸುಳ್ಳು ಅಂತ ನಿಮಗೂ ಗೊತ್ತಾತು. ಅವಗ ನೆನಪು ತಪ್ಪೇತಿ ಅಂತ ಬರದೀರಿ. ನಾ ತಪ್ಪದ ಹೇಳಿದ್ದಕ್ಕ ಪಾಠ ಅಂತ ಬರದೀರಿ. ನಾ ಏನರ ತಡವರಿಸಿದ್ದರ ನಂಬತಿದ್ರೇನು?"

ಕೋರ್ಟಿನಲ್ಲಿದ್ದ ನಾಲ್ಕೈದು ಮಂದಿ ವಕೀಲರು ಇತ್ತ ತಿರುಗಿದರು. ಮುನಸೀಫರು ಕನ್ನಡಕ ಹಾಕಿಕೊಂಡು ಆ ಅರ್ಧ ಪುಟವನ್ನು ಮತ್ತೆ ಓದಿದರು. ತಡವರಿಸಿದ್ದರೆ, ತಡವರಿಸಿದಳು ಆದ್ದರಿಂದ ನಂಬಲಾಗದು ಎಂದು ಬರೆಯುತ್ತಿದ್ದೆ ಎಂಬುದು ಅವರ ಮನಸ್ಸಿಗೂ ಬಂದಿರಬಹುದು. ಬಂದಿತೋ ಇಲ್ಲವೋ, ನಾನು ಹೇಗೆ ಹೇಳಲಿ.

"ಸಹಿ ಮಾಡಿದ ಮೇಲೆ ಒಂದು ಅಕ್ಷರವನ್ನೂ ಬದಲಿಸುವ ಅಧಿಕಾರ ನನಗಿಲ್ಲ" ಎಂದು ಕೊನೆಗೆ ಹೇಳಿದರು. "ಅರ್ಜಿಯನ್ನು ದಾವೆಯ ಕಡತಕ್ಕೆ ಸೇರಿಸಿ ಎಂದು ಬರೆಯುತ್ತೇನೆ. ತೀರ್ಪಿನ ಜೊತೆಯಲ್ಲೇ ಇರುತ್ತದೆ. ಅಷ್ಟು ಮಾಡಬಲ್ಲೆ, ಅಮ್ಮ."

'ಅಮ್ಮ' ಎಂದದ್ದನ್ನು ನಾನು ಗಮನಿಸಿದೆ. ಆಕೆ ಕೈಮುಗಿದು ಹೊರಗೆ ಬಂದರು. ಗೆದ್ದೆವೋ ಸೋತೆವೋ ನನಗೆ ತಿಳಿಯಲಿಲ್ಲ. ಆಕೆಗೆ ಹಸಿವಾಗಿತ್ತು. ಕೋರ್ಟಿನ ಹಿಂದಿನ ಮರದ ಕೆಳಗೆ ಕುಳಿತು, ಆಕೆ ಕಟ್ಟಿಕೊಂಡು ಬಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

ಭತ್ತದ ನಾಟಿಯ ಕಾಲಕ್ಕೆ ಆಕೆ ನನ್ನನ್ನು ಕಂಪ್ಲಿಗೆ ಕರೆದರು. ಅರ್ಜಿಯ ಇನ್ನೊಂದು ಪ್ರತಿ ನನ್ನಲ್ಲಿತ್ತು. ಅದನ್ನು ಕಾಲುವೆ ದಂಡೆಯ ಮೇಲೆ, ಮೈದುನ ಮಂದಿ ಕೂಡಿಸಿ ಹೇಳಿದ ಜಾಗದಲ್ಲೇ ಓದಬೇಕೆಂದು ಆಕೆಯ ಆಸೆ. ಇಪ್ಪತ್ತು ಮೂವತ್ತು ಜನ ಇದ್ದರು, ನಾಟಿಯ ಹೆಂಗಸರು ಕೆಸರುಗಾಲಲ್ಲೇ ಬಂದು ನಿಂತಿದ್ದರು. ಅರ್ಧ ಪುಟವನ್ನೂ ಓದಿ ಮುಗಿಸಿದೆ. ಮೈದುನ ದೂರದಲ್ಲಿ ಬೆನ್ನು ಹಾಕಿ ನಿಂತಿದ್ದ.

ಆಗ ಮುದುಕ ನೀರಗಂಟಿ ಸಲಿಕೆ ಊರಿಕೊಂಡು ಮುಂದೆ ಬಂದ. "ಖರೇ ಐತಿ ಅದು. ನನಗ ಹೇಳಿದಾಕಿ ಈಕೀನ. ಕೋರ್ಟಿನ್ಯಾಗ ನಿನಗ ಹೆಂಗ ಗೊತ್ತು ಅಂತ ಯಾರೂ ಕೇಳಲಿಲ್ಲ. ಕೇಳಿದ್ರ ಹೇಳತಿದ್ದೆ" ಎಂದ. ಸ್ವಲ್ಪ ತಡೆದು, "ಕೇಳದಿದ್ರೂ ಹೇಳಬೇಕಿತ್ತು" ಎಂದು ತೂಬಿನ ಕಡೆ ನಡೆದ.

ಊರು ಅಂದಿನಿಂದ ಬದಲಾಯಿತು ಎಂದು ಹೇಳಲಾರೆ. ಗಂಡುಬೀರಿ ಎಂಬ ಮಾತು ಪೂರ್ತಿ ಹೋಗಲಿಲ್ಲ. ಆದರೆ ಸರ್ಕಾರವೇ ಬರೆದಿದೆ ಎಂದು ಸೇರಿಸಿ ಹೇಳುವುದು ನಿಂತಿತು. ಗದ್ದೆಯನ್ನು ಆಕೆ ತಮ್ಮ ಕೊನೆಯವರೆಗೂ ಮಾಡಿಸಿದರು. ಆಮೇಲೆ ಅದು ಮಗಳಿಗೆ ಹೋಯಿತು.

ಎಷ್ಟೋ ವರ್ಷಗಳ ನಂತರ ನನ್ನ ಶಾಲೆಯ ಹುಡುಗಿಯೊಬ್ಬಳ ತಂದೆ, ಕೋರ್ಟಿನ ರಿಕಾರ್ಡ್ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವರು, ಮಾತಿಗೆ ಸಿಕ್ಕರು. ಹಳೆಯ ಕಡತಗಳನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ತೀರ್ಪುಗಳನ್ನು ಎಂದಿಗೂ ಇಟ್ಟುಕೊಳ್ಳುತ್ತೇವೆ, ಉಳಿದ ಅರ್ಜಿ ಗಿರ್ಜಿಗಳನ್ನು ಇಷ್ಟು ವರ್ಷವಾದ ಮೇಲೆ ಸುಟ್ಟುಬಿಡುತ್ತೇವೆ, ಅದೇ ನಿಯಮ ಎಂದರು. ಆಕೆ ಆಗ ಇನ್ನೂ ಬದುಕಿದ್ದರು. ವರ್ಷಕ್ಕೊಮ್ಮೆ ಹೊಸ ಅಕ್ಕಿ ತಂದು ಕೊಡುತ್ತಿದ್ದರು. ಆರು ಸಾಲು ಉಳಿದು ಅರ್ಧ ಪುಟ ಸುಟ್ಟುಹೋಗುವ ಈ ಸಂಗತಿಯನ್ನು ನಾನು ಆಕೆಗೆ ಹೇಳಲಿಲ್ಲ. ಹೇಳಬೇಕಿತ್ತೇನೋ.