ಗಡಿಯಾಚೆಯಿಂದ ಬಂದ ಹಣಿಗೆ

ಬೆಳಗಿನ ಐದೂವರೆ. ತೆಲುಗು ಸೀಮೆಯ ಕುಷಾಯಿಗೂಡದ ಓಣಿಯೊಂದರ ಕೊನೆಯಲ್ಲಿ, ತಗಡಿನ ಗೋದಾಮಿನ ಮುಂದೆ ಯಂಕಮ್ಮ ನಿಂತಿದ್ದಾರೆ. ಬೀಗಕ್ಕೆ ಕೈ ಹಾಕುವ ಮೊದಲು ಶಟರನ್ನು ಮೂರು ಸಲ ಬಡಿದು, “ಬಂದೀನ್ರೆವ್ವಾ” ಎಂದು ಕೂಗಿ ಹೇಳುತ್ತಾರೆ. ಒಳಗೆ ನರಪಿಳ್ಳೆಯೂ ಇಲ್ಲ. ಇರುವುದು ಹತ್ತಾರು ಊರುಗಳ ಹೆಂಗಸರ ತಲೆಯಿಂದ ಉದುರಿದ ಕೂದಲು, ಸೂರಿನವರೆಗೆ ಪೇರಿಸಿದ ಚೀಲಗಳಲ್ಲಿ. ಶಟರ್ ಏಳುತ್ತಲೇ ನೆಲದ ಮೇಲಿನ ಸಿಕ್ಕುಗಳು ಒಮ್ಮೆ ಬಾಗಿಲ ಕಡೆಗೆ ಹೊರಳಿ ಸುಮ್ಮನಾಗುತ್ತವೆ. “ಹೇಳದ ಕೇಳದ ಹೆಣ್ಮಕ್ಕಳ ಖೋಲಿಗೆ ನುಗ್ಗಬಾರದ್ರಿ,” ಎನ್ನುತ್ತಾರೆ ಯಂಕಮ್ಮ.

ಯಾದಗಿರಿ ಕಡೆಯ ಈ ಐವತ್ತಮೂರರ ಹೆಣ್ಣುಮಗಳು ಹತ್ತೊಂಬತ್ತು ವರ್ಷಗಳಿಂದ ಇಲ್ಲಿ ಕೂದಲು ಹಸನು ಮಾಡುತ್ತಿದ್ದಾರೆ. ಪಿನ್ನು, ಬಲೂನು ಕೊಟ್ಟು ಮನೆಮನೆಯಿಂದ ತಂದ ಉಂಡೆಗಳಲ್ಲಿ ದಾರ, ಕಾಗದ, ಒಣಗಿದ ಹೂವಿನ ಎಸಳು ಆರಿಸಿ ತೆಗೆಯಬೇಕು. ಕರಿಯದು, ಬಿಳಿಯದು ಬೇರೆ ಮಾಡಬೇಕು. ದಿನಕ್ಕೆ ಆರು ಕಿಲೋ. ಎಂಥ ಬಿಸಿಲಿದ್ದರೂ ಫ್ಯಾನ್ ಹಾಕುವಂತಿಲ್ಲ. ಬೆರಳ ಸಂದುಗಳಲ್ಲಿ ಕೂದಲು ಕೊಯ್ದ ಗೀರುಗಳಿವೆ, ಎದೆಯಲ್ಲಿ ಬಿಡದ ಕೆಮ್ಮಿದೆ. ಮನೆಯ ಅನ್ನದಲ್ಲಿ ಕೂದಲು ಸಿಗದ ದಿನವಿಲ್ಲ. ಗಂಡ ಮಲ್ಲಪ್ಪ ತಕರಾರಿಲ್ಲದೆ ಅದನ್ನು ಎತ್ತಿಟ್ಟು ಉಣ್ಣುವುದನ್ನು ಕಲಿತಿದ್ದಾರೆ.

ಉದುರಿದ ಕೂದಲು ಯಾರದಾದರೂ ಕೈಗೆ ಸಿಕ್ಕರೆ ಮಾಟಕ್ಕೆ ಬಳಸಿಯಾರು ಎಂಬ ಭಯ ಅವರ ಕಡೆಯವರಿಗೆ ಇದ್ದೇ ಇದೆ. ಅದಕ್ಕೇ ಸುರುಳಿ ಸುತ್ತಿ, ಥೂ ಥೂ ಎಂದು ಉಗಿದು ಎಸೆಯುತ್ತಾರೆ. ಮಾರಿದವರಿಗೆ ಆ ಪುರಸೊತ್ತು ಎಲ್ಲಿ? ಹಾಗಾಗಿ ಚೀಲದ ಬಾಯಿ ಹೊಲಿಯುವ ಮೊದಲು ಯಂಕಮ್ಮ, ಕಂಡರಿಯದ ಅಷ್ಟೂ ಹೆಂಗಸರ ಪರವಾಗಿ ತಾವೇ ಮೂರು ಸಲ ಉಗಿಯುತ್ತಾರೆ.

ಚೀಲಗಳು ಇಲ್ಲಿಂದ ಮಿಜೋರಾಂ ದಾಟಿ ಮ್ಯಾನ್ಮಾರ್‌ಗೆ ಹೋಗುತ್ತವೆ. ಅಲ್ಲಿಯ ಹೆಂಗಸರು ಎಳೆ ಎಳೆಯಾಗಿ ಸಿಕ್ಕು ಬಿಡಿಸುತ್ತಾರೆ. ಬಿಡಿಸಿದ್ದು ಚೀನಾ ಸೇರಿ ವಿಗ್ ಆಗುತ್ತದೆ. ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಹಿಡಿದು ಕಾಳಗ ಶುರುವಾದ ಮೇಲೆ ಈ ದಾರಿಗೆ ನೆಚ್ಚಿಕೆಯಿಲ್ಲ. ಬಾಂಗ್ಲಾ ಕಡೆಯಿಂದ ನೋಡೋಣ ಎನ್ನುವಷ್ಟರಲ್ಲಿ ಢಾಕಾದಲ್ಲಿ ಸರ್ಕಾರವೇ ಬಿತ್ತು. ಟಿವಿಯ ಪಂಡಿತರು ಕೋಟು ಹಾಕಿಕೊಂಡು ಬಂದು ಕೂರುವ ಹೊತ್ತಿಗೆ ಯಂಕಮ್ಮನಿಗೆ ಸುದ್ದಿ ಹಳೆಯದಾಗಿರುತ್ತದೆ. “ಅಲ್ಲಿ ಗದ್ದಲ ಆತಂದ್ರ ಇಲ್ಲಿ ಚೀಲ ಸೂರಿಗೆ ಹತ್ತತಾವ್ರಿ. ನನಗ ಅದ ಪೇಪರ್,” ಎಂದು ನಗುತ್ತಾರೆ.

ಆರು ತಿಂಗಳ ಹಿಂದೆ ಆ ನಗು ನಿಂತಿತ್ತು. ಹೋದ ಚೀಲಗಳಲ್ಲಿ ಮೂರು ಗಡಿಯಾಚೆಯಿಂದ ವಾಪಸ್ ಬಂದವು. ಕೂದಲು ಅರ್ಧ ಬಿಡಿಸಿದ್ದಿತ್ತು, ಅರ್ಧ ಸಿಕ್ಕಾಗಿಯೇ ಇತ್ತು. ಒಂದರೊಳಗೆ ಕೈ ಹಾಕಿದರೆ ಸಿಕ್ಕಿದ್ದು ತಲೆ ಬಾಚುವ ಕಟ್ಟಿಗೆಯ ಹಣಿಗೆ, ಹಿಡಿದು ಹಿಡಿದು ನುಣುಪಾದದ್ದು. ಅದರ ಹಲ್ಲಿಗೆ ತೊಡರಿದ ಒಂದು ಉದ್ದನೆಯ ಕೂದಲು, ಬುಡದಲ್ಲಿ ಒಂದು ಬೆರಳಿನ ಅಗಲದಷ್ಟು ಬಿಳಿ. ಯಂಕಮ್ಮ ಹಣಿಗೆ ಹಿಡಿದು ಕುಳಿತುಬಿಟ್ಟರು. “ಹಣಿಗ್ಯಾಗ ತನ್ನ ಕೂದಲ ಬಿಟ್ಟು ಯಾವ ಹೆಂಗಸೂ ಎದ್ದು ಹೋಗಂಗಿಲ್ರಿ. ಜೀವದ ಭಯಕ್ಕ ಓಡಿರಬೇಕು. ಇಲ್ಲಾಂದ್ರ ಓಡಾಕೂ ಆಗಿರಲಿಕ್ಕಿಲ್ಲ.” ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಆಕೆ ಬದುಕಿದ್ದಾಳೋ ಇಲ್ಲವೋ ಎಂಬ ಒಂದೇ ಚಿಂತೆ ಅಂದಿನಿಂದ ಅವರನ್ನು ಕಿತ್ತು ತಿನ್ನತೊಡಗಿತು.

ಕೂದಲನ್ನು ತೆಗೆದು ಗೋಡೆಯ ಕ್ಯಾಲೆಂಡರಿಗೆ ಅಂಟಿಸಿ, ಹಣಿಗೆಯನ್ನು ಗೂಡಿನಲ್ಲಿಟ್ಟರು. ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಹಣಿಗೆಯಲ್ಲಿ ಮತ್ತೊಂದು ಕೂದಲು. ಗೋದಾಮಿನ ಮಾಲೀಕ ಬಂಡೆಪ್ಪನವರು ನಕ್ಕರು: “ಕೂದಲ ಗೋದಾಮಿನ್ಯಾಗ ಕೂದಲ ಹಾರದ ಹಪ್ಪಳ ಹಾರತಾವೇನಬೇ?” ಯಂಕಮ್ಮ ಹಣಿಗೆಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದರು. ಮರುತಿಂಗಳು ಡಬ್ಬಿಯೊಳಗೂ ಒಂದಿತ್ತು.

ಈಗ ಕ್ಯಾಲೆಂಡರಿನ ಮೇಲೆ ಆರು ಕೂದಲುಗಳಿವೆ, ತಾರೀಖುಗಳ ಪಕ್ಕದಲ್ಲಿ. ಅದೇ ನಯ, ಅದೇ ಸಣ್ಣ ಗುಂಗುರು. ಯಂಕಮ್ಮ ಒಂದೊಂದರ ಬುಡಕ್ಕೂ ಬೆರಳು ಹಚ್ಚಿ ತೋರಿಸುತ್ತಾರೆ. ಮೊದಲನೆಯದಕ್ಕೆ ಬಿಳಿ ಒಂದೇ ಬೆರಳು. ಎರಡನೆಯದಕ್ಕೆ ಎರಡಕ್ಕೆ ತುಸು ಕಡಿಮೆ. ಕೊನೆಯದಕ್ಕೆ ಪೂರಾ ನಾಲ್ಕು ಬೆರಳು. “ಸತ್ತವರದು ನೆರೆಯಂಗಿಲ್ರಿ. ಬೆಳ್ಳಗಾಕ್ಕೋತ ಹೊಂಟೈತಿ ಅಂದ್ರ ಬದುಕ್ಯಾಳ,” ಎನ್ನುವಾಗ ಅವರ ದನಿ ಇಳಿಯುತ್ತದೆ. ಬಂಡೆಪ್ಪನವರು ಈಗ ನಗುವುದಿಲ್ಲ. ಆ ಗೋಡೆಯ ಕಡೆ ನೋಡುವುದೂ ಇಲ್ಲ.

ಈ ವಾರ ದಾರಿ ತೆರೆದಿದೆ, ಎಷ್ಟು ದಿನಕ್ಕೋ ಯಾರಿಗೂ ಗೊತ್ತಿಲ್ಲ. ಲಾರಿ ಹೊರಗೆ ನಿಂತಿದೆ. ವಾಪಸ್ ಬಂದ ಮೂರು ಚೀಲಗಳೂ ಮತ್ತೆ ಹೊರಟಿವೆ. ಯಂಕಮ್ಮ ಡಬ್ಬಿಯಿಂದ ಹಣಿಗೆ ತೆಗೆದು, ಸೆರಗಿನಿಂದ ಒರೆಸಿ, ಅದು ಬಂದಿದ್ದ ಚೀಲದಲ್ಲೇ ಮೇಲುಗಡೆ ಇಡುತ್ತಾರೆ.

“ಯಂಕಮ್ಮ, ಅದನ್ನ ಕಳಿಸಿದ್ರ ಆಕಿ ಸುದ್ದಿ ನಿನಗ ಹೆಂಗ ತಿಳೀಬೇಕು?” ಬಂಡೆಪ್ಪನವರು ಬಾಗಿಲಲ್ಲೇ ನಿಂತು ಕೇಳುತ್ತಾರೆ.

ಯಂಕಮ್ಮ ಮೂರು ಸಲ ಉಗಿದು, ದಬ್ಬಣಕ್ಕೆ ದಾರ ಪೋಣಿಸುತ್ತಾರೆ.

“ಸುದ್ದಿ ಇಲ್ಲದ ನಾ ಹೆಂಗರ ಇರತೀನ್ರಿ. ಆಕಿ ಆರು ತಿಂಗಳಿಂದ ಬರೇ ಕೈಲೆ ತಲಿ ಬಾಚ್ಕೊಳ್ಳಾಕತ್ತಾಳ.”